ಎಡಗಡೆಯ ಕೆಂಪು ಗೆರೆ

ಮೆಲ್ಬರ್ನ್
ಅಕ್ಟೋಬರ್ 19, ಭಾನುವಾರ

ತೀರ್ಥರೂಪ ಅಪ್ಪನವರಿಗೆ ಮತ್ತು ಅಮ್ಮನಿಗೆ,

ನಿಮ್ಮ ಮಗಳು ಮಾಡುವ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ. ನಾಳೆ ನರಕ ಚತುರ್ದಶಿ. ಇಲ್ಲಿ ರಜೆ ಇಲ್ಲ. ಆದರೂ ಬೇಗ ಎದ್ದು, ಎಣ್ಣೆ ಹಚ್ಚಿಕೊಂಡು, ತಲೆಗೆ ನೀರು ಹಾಕಿಕೊಂಡೇ ಕೆಲಸಕ್ಕೆ ಹೋಗುತ್ತೇನೆ. ಅಮ್ಮ ಅದರ ಬಗ್ಗೆ ಚಿಂತೆ ಮಾಡುವುದು ಬೇಡ.

ಹೋದ ಭಾನುವಾರ ಫೋನಿನಲ್ಲಿ, ಸ್ಟ್ರೋಕ್ ಆದ ಮೇಲಿನ ಅಮ್ಮನ ಕಣ್ಣಿನ ಮಾತು ಬಂದಾಗ, ಅಪ್ಪ ಕೇಳಿದಿರಿ, "ಕಣ್ಣು ಚೆನ್ನಾಗಿದೆ ಅಂತಾರೆ. ಚೆನ್ನಾಗಿದ್ದರೆ ಇವಳಿಗೆ ಯಾಕಮ್ಮ ಕಾಣಿಸಲ್ಲ?" ಅಂತ. ನಾನು ಹೇಳಲು ಶುರು ಮಾಡುವಷ್ಟರಲ್ಲಿ ಲೈನ್ ಕಟ್ ಆಯಿತು. ಮತ್ತೆ ಸಿಕ್ಕಾಗ ಅಮ್ಮ ಅಳುತ್ತಿದ್ದಳು. ಮಾತು ಬೇರೆ ಕಡೆ ಹೋಯಿತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಂಡದ್ದು ಮೆದುಳಿನಲ್ಲಿ ಎಲ್ಲಿಗೆ ಹೋಗುತ್ತದೆ, ಅಲ್ಲಿಂದ ಎಲ್ಲಿಗೆ ದಾಟುತ್ತದೆ ಅನ್ನುವುದನ್ನೇ ನಾನು ಇಲ್ಲಿ ದಿನವೆಲ್ಲ ಕೂತು ನೋಡುವುದು. ಅದನ್ನು ನಮ್ಮ ಮನೆಯವರಿಗೇ ಹೇಳಲು ಆಗಲಿಲ್ಲವಲ್ಲ ಅಂತ ತುಂಬ ಬೇಜಾರಾಯಿತು. ಅದಕ್ಕೇ ಈ ಕಾಗದ. 34 ವರ್ಷ ಊರಿನವರ ಕಾಗದ ಹೊತ್ತು ಹಂಚಿದ ನಿಮಗೆ ಇದನ್ನು ಕಾಗದದಲ್ಲೇ ಹೇಳುವುದು ಸರಿ ಅನ್ನಿಸಿತು.

ಹಾಳೆಯ ಎಡಗಡೆ ಮೇಲಿಂದ ಕೆಳಗಿನವರೆಗೆ ಒಂದು ದಪ್ಪ ಕೆಂಪು ಗೆರೆ ಎಳೆದಿದ್ದೇನೆ. ಎಲ್ಲ ಹಾಳೆಯಲ್ಲೂ ಇದೆ. ಯಾಕೆ ಅಂತ ಕೊನೆಯಲ್ಲಿ ಹೇಳುತ್ತೇನೆ.

ಮೊದಲು ಒಂದು ಪರೀಕ್ಷೆ ಮಾಡಿ. ಅಮ್ಮನನ್ನು ಎದುರಿಗೆ ಕೂರಿಸಿ, ನಿಮ್ಮ ಮೂಗನ್ನೇ ನೋಡುತ್ತಿರು ಅಂತ ಹೇಳಿ. ಅವಳ ಎಡಗಣ್ಣು ಮುಚ್ಚಿಸಿ, ಅವಳ ಎಡಬದಿಯಲ್ಲಿ ನಿಮ್ಮ ಬೆರಳು ಆಡಿಸಿ. ಕಾಣಿಸುವುದಿಲ್ಲ. ಈಗ ಬಲಗಣ್ಣು ಮುಚ್ಚಿಸಿ, ಅದೇ ಕಡೆ ಆಡಿಸಿ. ಆಗಲೂ ಕಾಣಿಸುವುದಿಲ್ಲ. ಅಂದರೆ ಹೋಗಿರುವುದು ಎಡಗಣ್ಣಲ್ಲ. ಎರಡೂ ಕಣ್ಣಿನಲ್ಲಿ ಎಡಗಡೆಯ ಲೋಕ ಹೋಗಿದೆ. ಅಡುಗೆಮನೆ ಬಾಗಿಲಿನ ಚೌಕಟ್ಟಿಗೆ ಎಡಭುಜ ತಾಗಿಸಿಕೊಳ್ಳುತ್ತಿದ್ದುದು, ಎಲೆಯ ಎಡತುದಿಯಲ್ಲಿ ಉಪ್ಪು ಬಡಿಸಿದ್ದರೂ "ಉಪ್ಪೇ ಹಾಕಿಲ್ಲ" ಅಂತ ಕೇಳುತ್ತಿದ್ದುದು, ಪೇಪರ್ ಓದುವಾಗ ಮುಂದಿನ ಸಾಲು ಸಿಗದೆ ಮತ್ತೆ ಅದೇ ಸಾಲು ಓದುತ್ತಿದ್ದುದು, ಎಲ್ಲಕ್ಕೂ ಕಾರಣ ಒಂದೇ. ಕೈಕಾಲು ಚೆನ್ನಾಗಿ ಆಡುತ್ತಿದ್ದುದರಿಂದ ಇದು ಸ್ಟ್ರೋಕ್ ಅಂತ ನಮಗೆ ಯಾರಿಗೂ ಹೊಳೆಯಲಿಲ್ಲ. ಕನ್ನಡಕದ ಅಂಗಡಿಯಲ್ಲಿ ಎರಡು ಸಲ ಗಾಜು ಬದಲಾಯಿಸಿದರು. ಸ್ಕ್ಯಾನ್ ಆಗುವ ಹೊತ್ತಿಗೆ ಆರು ವಾರ ಕಳೆದಿತ್ತು. ಆ ಆರು ವಾರ ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಇದೇ ವಿಷಯ ಓದುವ ನನಗೂ ಫೋನಿನಲ್ಲಿ ಗೊತ್ತಾಗಲಿಲ್ಲ.

ಕಣ್ಣು ಅಂದರೆ ಟಪಾಲು ಡಬ್ಬ, ಅಪ್ಪ. ಕಾಗದ ಬೀಳುವುದು ಅಲ್ಲಿ. ಓದುವುದು ಅಲ್ಲಲ್ಲ. ಎರಡೂ ಕಣ್ಣಿನಿಂದ ಹೊರಟ ನರಗಳು ಸ್ವಲ್ಪ ಹಿಂದೆ ಒಂದು ಜಂಕ್ಷನ್‌ನಲ್ಲಿ ಸೇರುತ್ತವೆ. ಅಲ್ಲಿ ವಿಂಗಡಣೆ ಆಗುತ್ತದೆ. ಎಡಗಣ್ಣಿನದು, ಬಲಗಣ್ಣಿನದು ಅಂತ ಅಲ್ಲ. ಎಡಗಡೆ ಕಂಡದ್ದು ಯಾವ ಕಣ್ಣಿಗೆ ಬಿದ್ದಿರಲಿ, ಎಲ್ಲ ಮೆದುಳಿನ ಬಲ ಹೋಳಿಗೆ ಹೋಗುತ್ತದೆ. ಬಲಗಡೆ ಕಂಡದ್ದೆಲ್ಲ ಎಡ ಹೋಳಿಗೆ. ದಾರಿಯಲ್ಲಿ ಥಾಲಮಸ್ ಅಂತ ಒಂದು ಜಾಗ ಇದೆ, ಟಪಾಲು ವಿಂಗಡಿಸುವ ನಿಮ್ಮ ಆರ್.ಎಂ.ಎಸ್. ಇದ್ದ ಹಾಗೆ. ಅಲ್ಲಿ ಚೀಲ ಬದಲಾಗಿ, ಕೊನೆಗೆ ತಲೆಯ ಹಿಂಭಾಗಕ್ಕೆ ಬರುತ್ತದೆ. ಜಡೆ ಶುರುವಾಗುವ ಜಾಗದ ಒಳಗೆ ಅಂದುಕೊಳ್ಳಿ. ಅದನ್ನು ವಿ-1 ಅನ್ನುತ್ತಾರೆ, ಮೊದಲನೇ ದೃಶ್ಯ ಪ್ರದೇಶ. ಅಮ್ಮನಿಗೆ ರಕ್ತ ನಿಂತುಹೋಗಿದ್ದು ಬಲಗಡೆಯ ಆ ಭಾಗಕ್ಕೆ. ಡಬ್ಬ ಚೆನ್ನಾಗಿದೆ, ರಸ್ತೆಯೂ ಚೆನ್ನಾಗಿದೆ. ಕಾಗದ ಹೋಗಿ ಸೇರುವ ಆಫೀಸಿನ ಒಂದು ಕೋಣೆ ಮುಚ್ಚಿದೆ.

ವಿ-1ರ ಒಳಗಿನ ಜೋಡಣೆ ನೋಡಿದಾಗೆಲ್ಲ ನನಗೆ ನೀವೇ ನೆನಪಾಗುತ್ತೀರಿ. ಚಿಕ್ಕವಳಿದ್ದಾಗ ಒಂದು ಶನಿವಾರ ಪೋಸ್ಟ್ ಆಫೀಸಿಗೆ ಕರೆದುಕೊಂಡು ಹೋಗಿದ್ದಿರಿ. ಬಂದ ಕಾಗದಗಳನ್ನೆಲ್ಲ ಮೇಜಿನ ಮೇಲೆ ಹರಡಿ, ನೀವು ಮನೆಮನೆಗೆ ಸುತ್ತುವ ಬೀಟ್‌ನ ಕ್ರಮದಲ್ಲಿ ಜೋಡಿಸುತ್ತಿದ್ದಿರಿ. ಪಕ್ಕಪಕ್ಕದ ಮನೆಯ ಕಾಗದ ಕಂತೆಯಲ್ಲೂ ಪಕ್ಕಪಕ್ಕ. ಬುಲ್ ಟೆಂಪಲ್ ರೋಡ್ ಒಂದು ಕಡೆ, ಗಾಂಧಿ ಬಜಾರ್ ಇನ್ನೊಂದು ಕಡೆ. ಅಂಗಡಿಗಳಿಗೆ ಕಾಗದ ಜಾಸ್ತಿ, ಅದಕ್ಕೇ ಬಜಾರಿನ ಕಂತೆ ದಪ್ಪ. ವಿ-1 ಕೂಡ ಹಾಗೇ. ಕಣ್ಣ ಮುಂದೆ ಪಕ್ಕಪಕ್ಕ ಇರುವ ಎರಡು ಚುಕ್ಕೆಗಳ ಸುದ್ದಿ ಅಲ್ಲೂ ಪಕ್ಕಪಕ್ಕದ ಜೀವಕೋಶಗಳಿಗೆ ಹೋಗುತ್ತದೆ. ನಾವು ಜಾಸ್ತಿ ನೆಚ್ಚಿಕೊಂಡಿರುವ ನೋಟದ ನಡುಭಾಗಕ್ಕೆ ಅಲ್ಲಿ ಜಾಸ್ತಿ ಜಾಗ. ಅಂಚುಗಳಿಗೆ ಕಡಿಮೆ.

ಮನುಷ್ಯರ ಈ ನಕ್ಷೆ ಹೇಗೆ ಸಿಕ್ಕಿತು ಗೊತ್ತಾ? ಗಾಯಗೊಂಡ ಸೈನಿಕರಿಂದ. 1904-05ರ ರಷ್ಯಾ-ಜಪಾನ್ ಯುದ್ಧದಲ್ಲಿ ಗುಂಡು ತಲೆಯ ಹಿಂಭಾಗವನ್ನು ತೂರಿಕೊಂಡು ಹೋಗಿಯೂ ಬದುಕಿದವರಿದ್ದರು. ತಾತ್ಸುಜಿ ಇನೊಯೆ ಅನ್ನುವ ಜಪಾನಿನ ಕಣ್ಣಿನ ಡಾಕ್ಟರ್‌ಗೆ ಅವರ ನೋಟ ಎಷ್ಟು ಹೋಗಿದೆ ಅಂತ ಅಳೆಯುವ ಕೆಲಸ ಬಂತು. ಪೆನ್ಶನ್ ಲೆಕ್ಕ ಹಾಕುವುದಕ್ಕೆ. ಗುಂಡು ಎಲ್ಲಿಂದ ಒಳಗೆ ಹೋಯಿತು, ಎಲ್ಲಿ ಹೊರಬಂತು, ಅವನಿಗೆ ಯಾವ ಕಡೆ ಕಾಣಿಸುವುದಿಲ್ಲ, ಇವನ್ನು ಸೇರಿಸಿ ಅವರು ನಕ್ಷೆ ಬರೆದರು. 1909ರಲ್ಲಿ ಅದು ಅಚ್ಚಾಯಿತು. ಮನೆಮನೆಗೆ ಪೆನ್ಶನ್ ಮನಿ ಆರ್ಡರ್ ಕೊಟ್ಟುಬಂದ ನಿಮಗೆ ಇದು ಹಿಡಿಸುತ್ತದೆ ಅಂತ ಬರೆದೆ. ಅಮ್ಮನ ರಿಪೋರ್ಟ್ ನೋಡಿ ಡಾಕ್ಟರ್ ಆ ದಿನ ಒಂದೇ ನಿಮಿಷದಲ್ಲಿ ಎಡಗಡೆ ಅಂತ ಹೇಳಿದರಲ್ಲ, ಅದರ ಹಿಂದೆ ಆ ಸೈನಿಕರಿದ್ದಾರೆ.

ಈಗ ನನ್ನ ಪ್ರಾಣಿಗಳ ವಿಷಯ. ನೆಂಟರು ಕೇಳಿದರೆ "ಮಗಳು ಕಾಂಗರೂ ನೋಡಿಕೊಳ್ಳುತ್ತಾಳೆ" ಅನ್ನುತ್ತೀರಿ ಅಂತ ತಮ್ಮ ಹೇಳಿದ. ಹತ್ತಿರದ್ದೇ. ಟ್ಯಾಮರ್ ವಾಲಬಿ ಅಂತ, ಕಾಂಗರೂ ಜಾತಿಯದು, ಚಿಕ್ಕದು. ನಾನು ನೋಡುವುದು ಅದರ ಮೆದುಳಿನ ತೆಳು ಪದರಗಳನ್ನು, ಮೈಕ್ರೋಸ್ಕೋಪಿನ ಕೆಳಗೆ. ಮೆದುಳಿನ ಒಂದು ಚುಕ್ಕೆಯಷ್ಟು ಜಾಗಕ್ಕೆ ಒಂದು ಬಗೆಯ ಬಣ್ಣ ಹಾಕಿದರೆ, ಅಲ್ಲಿಗೆ ಸುದ್ದಿ ಕಳಿಸುವ ನರಗಳ ಒಳಗೇ ಆ ಬಣ್ಣ ಹಿಂದಕ್ಕೆ ಹರಿದು, ಕಳಿಸಿದ ಜೀವಕೋಶವನ್ನು ಹೋಗಿ ಸೇರುತ್ತದೆ. ರಿಜಿಸ್ಟರ್ಡ್ ಕಾಗದ ತಲುಪಿದ ಮೇಲೆ, ತಲುಪಿತು ಅನ್ನುವ ಎ.ಡಿ. ಕಾರ್ಡ್ ಕಳಿಸಿದವರಿಗೆ ವಾಪಸ್ ಹೋಗುತ್ತಿತ್ತಲ್ಲ, ಥೇಟ್ ಹಾಗೆ. ಯಾವ ಜಾಗಕ್ಕೆ ಯಾವ ಜಾಗದ ಸಂಪರ್ಕ ಇದೆ ಅಂತ ಅದರಿಂದ ಗೊತ್ತಾಗುತ್ತದೆ.

ಹೊಟ್ಟೆಚೀಲದ ಪ್ರಾಣಿಗಳೂ ನಾವೂ ಬೇರೆಬೇರೆ ದಾರಿ ಹಿಡಿದು ಸುಮಾರು 16 ಕೋಟಿ ವರ್ಷ ಆಯಿತು. ಅಷ್ಟು ದೂರದ ನೆಂಟರು. ಆದರೂ ಅವುಗಳ ತಲೆಯ ಹಿಂಭಾಗದಲ್ಲೂ ವಿ-1 ಇದೆ, ಅದೇ ಬೀಟ್ ಕ್ರಮ ಇದೆ, ಎಡದ ಲೋಕ ಬಲ ಹೋಳಿಗೆ ಹೋಗುತ್ತದೆ. ನಮಗೆ ವಿ-1ರ ಪಕ್ಕದಲ್ಲಿ ವಿ-2 ಅಂತ ಎರಡನೇ ನಕ್ಷೆ ಇದೆ. ಕನ್ನಡಿಯಲ್ಲಿ ಕಂಡ ಹಾಗೆ ತಿರುವುಮುರುವು. ಎರಡೂ ಸೇರುವ ಅಂಚೇ ನಮ್ಮ ನೋಟದ ನಟ್ಟನಡುವಿನ ಗೆರೆ. ಹೊಟ್ಟೆಚೀಲದ ಪ್ರಾಣಿಗಳಿಗೆ ಈ ವಿ-2 ಇದೆಯೋ ಇಲ್ಲವೋ ಅನ್ನುವ ಪ್ರಶ್ನೆ ಇತ್ತು. 1999ರಲ್ಲಿ ಕ್ವಾಲ್ ಅನ್ನುವ ಪ್ರಾಣಿಯಲ್ಲಿ ಅಂಥದ್ದೇ ಒಂದು ಪ್ರದೇಶ ಇದೆ ಅಂತ ತೋರಿಸಿದರು. ಬೆಕ್ಕಿಗಿಂತ ಚಿಕ್ಕದು ಕ್ವಾಲ್, ಮೈಮೇಲೆ ಬಿಳಿ ಚುಕ್ಕೆ, ರಾತ್ರಿ ಬೇಟೆ ಆಡುತ್ತದೆ. ದಕ್ಷಿಣ ಅಮೆರಿಕದಲ್ಲಿ ಇಲಿಯ ಹಾಗಿರುವ ಒಂದು ಒಪೊಸಮ್ ಇದೆ. ಅದರ ವಿ-1 ಪಕ್ಕದ ವಿ-2ಗೆ, ಬದಿಯಲ್ಲಿರುವ ಇನ್ನೊಂದು ದೃಶ್ಯ ಪ್ರದೇಶಕ್ಕೆ, ಮತ್ತೆ ಕಣ್ಣು, ಕಿವಿ, ಸ್ಪರ್ಶ ಮೂರರ ಸುದ್ದಿಯೂ ಬೆರೆಯುವ ಜಾಗಕ್ಕೆ ತಂತಿ ಎಳೆದಿದೆ. ಮುಖ್ಯವಾದವು ಇಷ್ಟೇ. ಮಂಗಗಳಲ್ಲಿ 1991ರ ಒಂದು ಪಟ್ಟಿ 32 ದೃಶ್ಯ ಪ್ರದೇಶ ಎಣಿಸಿತ್ತು. ಅದು ಜಿ.ಪಿ.ಓ. ಆದರೆ ಇದು ಹಳ್ಳಿಯ ಪೋಸ್ಟ್ ಆಫೀಸು. ಗೂಡು ಕಡಿಮೆ ಇರುವುದರಿಂದಲೇ ಕಾಗದ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಹಿಂದೆ ಹೋಗಿ ನೋಡಬಹುದು. ನನಗೆ ಈ ಪ್ರಾಣಿಗಳು ಇಷ್ಟ ಆಗಿದ್ದೇ ಅದಕ್ಕೆ.

ವಾಲಬಿ ಇನ್ನೊಂದು ಸೊಗಸು ಇಟ್ಟುಕೊಂಡಿದೆ. ವಿ-1ರ ಜೀವಕೋಶಗಳು ಗೆರೆಗಳನ್ನು ಹಿಡಿಯುತ್ತವೆ. ಕೆಲವು ನಿಂತ ಗೆರೆಗೆ ಮಾತ್ರ ಓಗೊಡುತ್ತವೆ, ಕೆಲವು ಮಲಗಿದ ಗೆರೆಗೆ, ಕೆಲವು ಓರೆ ಗೆರೆಗೆ. ಬೆಕ್ಕಿನಲ್ಲಿ ಇದನ್ನು 1959ರಲ್ಲಿ ಬರೆದ ಹ್ಯೂಬೆಲ್ ಮತ್ತು ವೀಸೆಲ್‌ಗೆ 1981ರಲ್ಲಿ ನೊಬೆಲ್ ಬಂತು. ಬೆಕ್ಕು, ಮಂಗಗಳಲ್ಲಿ ಈ ಜೀವಕೋಶಗಳು ಒಂದು ಚುಕ್ಕೆಯ ಸುತ್ತ ಸಾಲಾಗಿ ತಿರುಗುತ್ತ ಕೂತಿರುತ್ತವೆ. ನಿಂತ ಗೆರೆ, ಸ್ವಲ್ಪ ವಾಲಿದ ಗೆರೆ, ಇನ್ನಷ್ಟು ವಾಲಿದ್ದು, ಮಲಗಿದ್ದು. ಪರಿಷೆಯಲ್ಲಿ ಕೋಲಿಗೆ ಸಿಕ್ಕಿಸಿಕೊಂಡು ಮಾರುವ ಗಿರಗಿಟ್ಲೆಯ ಹಾಗೆ. ಇಲಿ, ಮೊಲಗಳಲ್ಲಿ ಹಾಗಿಲ್ಲ, ಅಕ್ಕಿಗೆ ಬೇಳೆ ಬೆರೆಸಿದ ಹಾಗೆ ಚೆಲ್ಲಾಪಿಲ್ಲಿ. ಇಲಿ, ಮೊಲ ಎರಡೂ ವಾಲಬಿಗಿಂತ ನಮಗೆ ಹತ್ತಿರದ ನೆಂಟರು, ನೋಡಿ. ಆದರೆ 2022ರಲ್ಲಿ ಇದೇ ಮೆಲ್ಬರ್ನ್‌ನವರು ಟ್ಯಾಮರ್ ವಾಲಬಿಯಲ್ಲಿ ಗಿರಗಿಟ್ಲೆ ಕಂಡರು. ನಮಗೂ ವಾಲಬಿಗೂ ಒಬ್ಬಳೇ ಆದ ಅಷ್ಟು ಹಿಂದಿನ ಅಜ್ಜಿಗೇ ಈ ಜೋಡಣೆ ಇತ್ತೋ, ಇಲ್ಲ ಎರಡು ಕವಲಿನಲ್ಲೂ ಬೇರೆಬೇರೆಯಾಗಿ ಹುಟ್ಟಿತೋ, ಎರಡೂ ಸಾಧ್ಯ. ಆ ಚಿತ್ರ ಮೊದಲ ಸಲ ನೋಡಿದಾಗ ನಾನು ಸುಮ್ನೆ ಕೂತುಬಿಟ್ಟೆ. ಊಟಕ್ಕೂ ಹೋಗಲಿಲ್ಲ.

ಒಂದು ದೊಡ್ಡ ವ್ಯತ್ಯಾಸವೂ ಇದೆ. ನಮ್ಮ ಮೆದುಳಿನ ಎರಡು ಹೋಳುಗಳ ನಡುವೆ ಕಾರ್ಪಸ್ ಕಲೋಸಮ್ ಅಂತ ದೊಡ್ಡ ಸೇತುವೆ ಇದೆ. ಸುಮಾರು 20 ಕೋಟಿ ನರತಂತುಗಳು. ಹೊಟ್ಟೆಚೀಲದ ಪ್ರಾಣಿಗಳಿಗೆ ಅದು ಇಲ್ಲವೇ ಇಲ್ಲ. ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞ ರಿಚರ್ಡ್ ಓವನ್ 1837ರಲ್ಲೇ ಇದನ್ನು ಬರೆದಿದ್ದ. ಹಾಗಾದರೆ ಎಡ ಹೋಳು ಕಂಡದ್ದು ಬಲ ಹೋಳಿಗೆ ಹೇಗೆ ಗೊತ್ತಾಗಬೇಕು? ಟೌನ್‌ಹಾಲ್‌ನಿಂದ ಸಿರ್ಸಿ ಸರ್ಕಲ್‌ಗೆ ಫ್ಲೈಓವರ್ ಬರುವ ಮುಂಚೆ ಮಾರ್ಕೆಟ್ ಒಳಗೇ ನುಗ್ಗಿ ಹೋಗಬೇಕಿತ್ತು, ಅಲ್ವಾ? ಅಂಥ ಒಂದು ಹಳೇ ರಸ್ತೆ ಇದೆ, ಕೆಳಗೆ, ಮುಂದುಗಡೆ. ಆಂಟೀರಿಯರ್ ಕಮಿಷರ್ ಅಂತ. ನಮಗೂ ಅದು ಇದೆ, ತೆಳುವಾಗಿ. ಅವುಗಳಿಗೆ ಅದೇ ಹೆದ್ದಾರಿ. ಅದರಲ್ಲೂ ವಾಲಬಿ, ಪೊಸಮ್, ಕೊಆಲಾ ಇವುಗಳ ಗುಂಪಿನಲ್ಲಿ ಆ ರಸ್ತೆ ಸೇರಲು ಇನ್ನೊಂದು ಅಡ್ಡದಾರಿಯೂ ಇದೆ. ಅದಕ್ಕೆ ಲ್ಯಾಟಿನ್‌ನಲ್ಲಿ ದಾರಿಬಿಟ್ಟ ಕಟ್ಟು ಅನ್ನುವ ಅರ್ಥದ ಹೆಸರು ಇಟ್ಟಿದ್ದಾರೆ. ನನಗೆ ಆ ಹೆಸರು ಒಪ್ಪಿಗೆ ಇಲ್ಲ. ಅದು ದಾರಿ ಬಿಟ್ಟಿಲ್ಲ. ತನ್ನ ಪ್ರಾಣಿಗೆ ಅದೇ ನೇರ ದಾರಿ.

2018ರಲ್ಲಿ ಬಂದ ಒಂದು ಕೆಲಸ ನನಗೆ ಎಲ್ಲಕ್ಕಿಂತ ಇಷ್ಟ. ಹೊಟ್ಟೆಚೀಲದ, ಹೆಬ್ಬೆರಳಿನಷ್ಟು ಮೈಯಿರುವ ಡನ್ನಾರ್ಟ್ ಮತ್ತು ಮೊಟ್ಟೆಯಿಡುವ ಪ್ಲಾಟಿಪಸ್, ಇವೆರಡರ ಸಂಪರ್ಕಗಳನ್ನು ನಮ್ಮಂಥ ಪ್ರಾಣಿಗಳ ಜೊತೆ ಇಟ್ಟು ನೋಡಿದರು. ರಸ್ತೆ ಬೇರೆ. ಆದರೆ ಯಾವ ಮನೆಯ ಕಾಗದ ಆಚೆಯ ಯಾವ ಮನೆಗೆ ಹೋಗುತ್ತದೆ ಅನ್ನುವ ವಿಳಾಸಗಳು ಹೆಚ್ಚುಕಡಿಮೆ ಅವೇ. ಅಂದರೆ ಸೇತುವೆ ಹುಟ್ಟುವ ಮುಂಚೆಯೇ ವಿಳಾಸ ಇತ್ತು.

ಮೊನ್ನೆ ಅಮ್ಮ ಕೇಳಿದಳಲ್ಲ, "ಎಡಗಡೆ ಕಪ್ಪಾಗಿಯಾದರೂ ಕಾಣಬೇಕಲ್ವಾ? ಏನೂ ಇಲ್ಲವಲ್ಲ" ಅಂತ. ಅಮ್ಮ, ನಿನ್ನ ಬೆನ್ನ ಹಿಂದೆ ಏನು ಕಾಣುತ್ತಿದೆ ಈಗ? ಕಪ್ಪೂ ಇಲ್ಲ, ಬಿಳಿಯೂ ಇಲ್ಲ. ಅಲ್ಲಿ ನೋಟವೇ ಇಲ್ಲ. ಎಡಗಡೆಯೂ ಈಗ ಹಾಗೆ ಆಗಿದೆ. ಕಪ್ಪು ಅಂತ ಹೇಳುವುದಕ್ಕೂ ಒಳಗೆ ಒಂದು ಕೋಣೆ ಬೇಕು. ಇದು ನಿನ್ನ ಮನಸ್ಸಿನ ಭ್ರಮೆ ಅಲ್ಲ, ಅಜಾಗರೂಕತೆ ಅಲ್ಲ. "ನೋಡಿಕೊಂಡು ನಡಿ" ಅಂತ ಇನ್ನು ಯಾರೂ ನಿನಗೆ ರೇಗಬಾರದು. ತಮ್ಮನಿಗೆ ಇದನ್ನು ಗಟ್ಟಿಯಾಗಿ ಓದಿ ಹೇಳಿ, ಅಪ್ಪ.

ಎಡಗಡೆಯಿಂದ ಬೆಕ್ಕು ಓಡಿಬಂದಾಗ ಬೆಚ್ಚಿದಳು, ಆದರೆ ಏನೂ ಕಾಣಲಿಲ್ಲ ಅಂದಳು ಅಂತ ತಮ್ಮ ಬರೆದಿದ್ದ. ಅದೂ ಸುಳ್ಳಲ್ಲ. ಕಣ್ಣಿನಿಂದ ಇನ್ನೊಂದು ದಾರಿ ನಡುಮೆದುಳಿಗೆ ಹೋಗುತ್ತದೆ, ವಿ-1ಗೆ ಹೋಗದೆ. ತುಂಬ ಹಳೆಯ ದಾರಿ, ವಾಲಬಿಗೂ ಇದೆ, ಕಪ್ಪೆಗೂ ಇದೆ. ವಿ-1 ಕೆಟ್ಟ ಕೆಲವರು "ಕಾಣಲಿಲ್ಲ" ಅನ್ನುತ್ತಲೇ ಚಲನೆಗೆ ಸರಿಯಾಗಿ ಕೈ ತೋರಿಸುತ್ತಾರೆ ಅನ್ನುವುದು 1970ರ ದಶಕದಿಂದ ಗೊತ್ತಿದೆ.

ಸರಿಹೋಗುತ್ತದಾ ಅನ್ನುವುದು ನಿಮ್ಮ ಇನ್ನೊಂದು ಪ್ರಶ್ನೆ. ಇದನ್ನು ಬರೆಯಲು ನನಗೆ ಕಷ್ಟ ಆಗುತ್ತಿದೆ, ಆದರೂ ಬರೆಯುತ್ತೇನೆ.

ಟ್ಯಾಮರ್ ಮರಿ ಹುಟ್ಟಿದಾಗ ಅರ್ಧ ಗ್ರಾಂ ಕೂಡ ಇರುವುದಿಲ್ಲ, ಒಂದು ಅವರೆಕಾಳಿನಷ್ಟು. ಕಣ್ಣಿನ ನರ ಇನ್ನೂ ಮೆದುಳನ್ನು ಮುಟ್ಟಿರುವುದಿಲ್ಲ. ಅಂಥ ಮರಿ ಮುಂಗಾಲಲ್ಲಿ ಅಮ್ಮನ ಕೂದಲು ಹಿಡಿದು ತಾನೇ ತೆವಳಿಕೊಂಡು ಚೀಲ ಸೇರುತ್ತದೆ. ಕಣ್ಣು ಬಿಡುವುದು ಸುಮಾರು 140 ದಿನಕ್ಕೆ. ಅಷ್ಟರಲ್ಲಿ ನಕ್ಷೆಗಳೆಲ್ಲ ಚೀಲದ ಕತ್ತಲೆಯಲ್ಲೇ ರೂಪ ತಳೆಯುತ್ತಿರುತ್ತವೆ. ಮನುಷ್ಯರಲ್ಲಿ ಗರ್ಭದೊಳಗೆ ನಡೆಯುವುದು ಇಲ್ಲಿ ಹೊರಗೆ ನಡೆಯುತ್ತದೆ. ಅದಕ್ಕೇ ಜನ ಇವುಗಳ ಅಧ್ಯಯನ ಮಾಡುವುದು. ಒಪೊಸಮ್ ಮರಿಗಳಲ್ಲಿ ನರ ಮುಟ್ಟುವ ಮುಂಚೆಯೇ ಎರಡೂ ಕಣ್ಣು ಇಲ್ಲವಾದರೆ ಏನಾಗುತ್ತದೆ ಅಂತ 2002ರಲ್ಲಿ ಒಂದು ಅಧ್ಯಯನ ಬಂತು. ನೋಡುವ ಪ್ರದೇಶ ಖಾಲಿ ಬಿದ್ದಿರಲಿಲ್ಲ. ಅಲ್ಲಿನ ಜೀವಕೋಶಗಳು ಶಬ್ದಕ್ಕೆ, ಸ್ಪರ್ಶಕ್ಕೆ ಓಗೊಡುತ್ತಿದ್ದವು. ಆ ಮರಿಗಳನ್ನು ನೆನೆದು ನನಗೆ ಸಂಕಟ ಆಯಿತು, ಆ ಮೆದುಳು ಮಾಡಿದ್ದನ್ನು ನೋಡಿ ಕೈ ಮುಗಿಯಬೇಕು ಅನ್ನಿಸಿತು.

ಆದರೆ ಅದು ಹುಟ್ಟಿದ ಹೊಸತರಲ್ಲಿ. ಅಮ್ಮನಿಗೆ 61. ಸ್ಟ್ರೋಕ್ ಆದ ಮೊದಲ ಕೆಲವು ತಿಂಗಳಲ್ಲಿ ಸ್ವಲ್ಪ ನೋಟ ತಾನಾಗಿ ವಾಪಸ್ ಬರಬಹುದು. ಆಮೇಲೆ ಬರುವುದು ಕಡಿಮೆ. ಯಾರೋ ಡ್ರಾಪ್ಸ್ ಹೇಳುತ್ತಾರೆ, ಯಾರೋ ಎಣ್ಣೆ ಹೇಳುತ್ತಾರೆ. ದಯವಿಟ್ಟು ದುಡ್ಡು ಹಾಕಬೇಡಿ. ಡಾಕ್ಟರ್ ಬರೆದ ಮಾತ್ರೆ ಒಂದು ದಿನವೂ ಬಿಡಬೇಡಿ, ಇನ್ನೊಂದು ಸ್ಟ್ರೋಕ್ ಬರದಂತೆ ಇರುವುದು ಅದು. ನೋಟಕ್ಕೆ ಕೆಲಸ ಮಾಡುವುದು ಅಭ್ಯಾಸ. ಲೋಕದ ಎಡಭಾಗವನ್ನು ಚೆನ್ನಾಗಿರುವ ಕೋಣೆಯ ಕಡೆಗೆ ತರುವುದು. ಅಂದರೆ ಕಣ್ಣು, ತಲೆ ಎರಡನ್ನೂ ಬೇಕಂತಲೇ ಎಡಕ್ಕೆ ತಿರುಗಿಸುವುದು, ದಿನಕ್ಕೆ ನೂರು ಸಲ, ಅದು ರೂಢಿ ಆಗುವ ತನಕ. ಅಡುಗೆಮನೆ ಚೌಕಟ್ಟಿನ ಎಡಗಡೆ ಒಂದು ಕೆಂಪು ಟೇಪ್ ಅಂಟಿಸಿ. ಲೋಟ ಅವಳ ಬಲಗಡೆ ಇಡಿ, ಆದರೆ ಉಪ್ಪು ಎಡಕ್ಕೇ ಇರಲಿ, ಹುಡುಕಿಕೊಳ್ಳಲಿ. ರಸ್ತೆಯಲ್ಲಿ ನೀವು ಯಾವಾಗಲೂ ಅವಳ ಎಡಗಡೆ ನಡೆಯಿರಿ.

ಇನ್ನು ಕೆಂಪು ಗೆರೆ. ಕನ್ನಡ ಎಡದಿಂದ ಶುರುವಾಗುತ್ತದಲ್ಲ, ಅಮ್ಮನಿಗೆ ಸಾಲಿನ ತಲೆ ಸಿಗುವುದಿಲ್ಲ. ಗೆರೆ ಕಾಣುವ ತನಕ ತಿರುಗಿದರೆ ಸಾಲು ಶುರುವಾದ ಜಾಗ ಸಿಕ್ಕಿತು ಅಂತ ಅರ್ಥ. ಬೆಳಿಗ್ಗೆ ಪೇಪರ್ ಬಂದ ತಕ್ಷಣ ನೀವೇ ಸ್ಕೇಲ್ ಇಟ್ಟು ಒಂದೊಂದು ಕಾಲಂಗೂ ಎಡಕ್ಕೆ ಗೆರೆ ಎಳೆದು ಕೊಡಿ, ಅಪ್ಪ. ಕೆಳಗಿನದನ್ನು ನೀವು ಓದಬೇಡಿ. ಅಮ್ಮನ ಕೈಗೆ ಕೊಡಿ.

ಅಮ್ಮ,
ಗೆರೆ ಸಿಕ್ಕಿತಾ? ನಿಧಾನಕ್ಕೆ ಓದು.
ಅವಸರ ಇಲ್ಲ.
ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ.
ಕಾರ್ತಿಕದ ಕಡೇ ಸೋಮವಾರ ಪರಿಷೆಗೆ ಹೋಗು.
ಜನ ಇರುತ್ತಾರೆ ಅಂತ ಹೆದರಬೇಡ.
ಅಪ್ಪ ನಿನ್ನ ಎಡಗಡೆ ಇರುತ್ತಾರೆ.
ಬಸವಣ್ಣನಿಗೆ ನನ್ನದೂ ಒಂದು ನಮಸ್ಕಾರ ಹೇಳು.
ಎರಡು ಸೇರು ಕಡಲೆಕಾಯಿ ತಗೋ, ಹಸಿಯದು.
ಒಂದು ಗಿರಗಿಟ್ಲೆಯನ್ನೂ ತಗೊಂಡು ಇಟ್ಟಿರು. ಬಂದಾಗ ನನಗೆ ಬೇಕು.
ಓದಿ ಮುಗಿದರೆ ಈ ಹಾಳೆಯ ಹಿಂದೆ ಎರಡು ಸಾಲು ಬರೆದು ಪೋಸ್ಟ್ ಮಾಡಿಸು.
ಗೆರೆ ಎಳೆದುಕೊಂಡು ಬರೆ.

ನಿನ್ನ ಮಗಳು